ಆಚೆ ದಡದ ಊಟ

ದುಬೈಯಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳಿದವರದ್ದು ತಪ್ಪಲ್ಲ. ಟಿಕೆಟ್ ಕೈಗೆ ಬಂದಿರುತ್ತದೆ, ಹೊಸ ಸೂಟ್‌ಕೇಸಿಗೆ ಹಗ್ಗ ಬಿಗಿದಾಗಿರುತ್ತದೆ, ಹೊರಡುವ ಸಂಭ್ರಮದಲ್ಲಿ ಕೇಳುತ್ತಾರೆ. ಆದರೆ ಆ ಪ್ರಶ್ನೆಗೆ ಒಮ್ಮೆ ಬಾಯಿ ತಪ್ಪಿ ಉತ್ತರ ಕೊಟ್ಟದ್ದಕ್ಕೆ ನಾನು ನನ್ನ ಒಲೆಯನ್ನೇ ಕಳೆದುಕೊಂಡೆ. ಬೇರೆಯವರು ಹೊರದೇಶಕ್ಕೆ ಹೋಗಿ ಬಂದು ತಾರಸಿ ಮನೆ ಕಟ್ಟಿಸಿದರು. ನಾನು ಹೋಗಿ ಬಂದು ಒಳಗಿನಿಂದ ಅಂಗಳಕ್ಕೆ ಬಿದ್ದೆ.

ನಾನು ಅಡಿಗೆಯವನು. ಮನೆ ಕಾಪುವಿನಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ಎಪ್ಪತ್ತರ ದಶಕದಲ್ಲಿ ಉಡುಪಿ, ಮಣಿಪಾಲ, ಕಾರ್ಕಳದ ಕಡೆಯ ದೊಡ್ಡ ಮನೆಗಳಲ್ಲಿ ಉಪನಯನ, ಮದುವೆ, ಶ್ರಾದ್ಧ ಏನಿದ್ದರೂ ನಮ್ಮ ತಂಡಕ್ಕೆ ಹೇಳಿಕೆ ಬರುತ್ತಿತ್ತು. ಇಂಥ ಮನೆಗಳಲ್ಲಿ ನಮಗೆ ಎರಡು ಒಲೆ. ಒಳಗಿನ ಒಲೆ ಮಡಿಯದ್ದು. ದೇವರ ನೈವೇದ್ಯ, ವೈದಿಕರ ಊಟ, ಮನೆಯ ಹಿರಿಯರ ಎಲೆಗೆ ಬೀಳುವ ಅನ್ನ ಅದರ ಮೇಲೆಯೇ ಬೇಯಬೇಕು. ಅಲ್ಲಿ ನಿಲ್ಲುವವನು ಮಿಂದು ಮಡಿಯುಟ್ಟ ಮೇಲೆ ಕೆಲಸ ಮುಗಿಯುವವರೆಗೆ ಯಾರನ್ನೂ ಮುಟ್ಟುವ ಹಾಗಿಲ್ಲ. ಹೊರಗಿನ ಒಲೆ ಚಪ್ಪರದ ಮೂಲೆಯಲ್ಲಿ. ಕಾಫಿ, ಕೆಲಸದವರ ಉಪ್ಪಿಟ್ಟು, ಸಂಜೆಯ ರಿಸೆಪ್ಶನ್ನಿನ ಪಲಾವು ಎಲ್ಲ ಅಲ್ಲಿ. ನಾನು ಒಳಗಿನ ಒಲೆಯವನು, ನನ್ನ ಅಪ್ಪನೂ ಒಳಗಿನ ಒಲೆಯವನು. ಕೋಟಿನವರು, ಕಾರಿನವರು ಯಾರೇ ಆಗಲಿ, ಆ ಅಡಿಗೆಕೋಣೆಯ ಹೊಸ್ತಿಲ ಹೊರಗೆ ನಿಂತೇ ನನ್ನನ್ನು ಮಾತನಾಡಿಸಬೇಕಿತ್ತು. ಲೋಕದಲ್ಲಿ ಬೇರೆಲ್ಲೂ ನನಗೆ ಅಂಥ ಜಾಗ ಇರಲಿಲ್ಲ, ಅದು ನನಗೆ ಪ್ರಾಣಕ್ಕಿಂತ ಹೆಚ್ಚಾಗಿತ್ತು.

ಹಾಗಿದ್ದವನಿಗೆ ಸಮುದ್ರ ದಾಟುವ ಚಪಲ ಹತ್ತಿದ್ದು ಕಾಪುವಿನ ಒಂದು ಅಂಗಡಿಯಿಂದ. ಬಸ್ಸು ನಿಲ್ಲುವಲ್ಲಿ ಬ್ಯಾರಿ ಸಾಹುಕಾರರೊಬ್ಬರ ಜಿನಸಿನ ಅಂಗಡಿ ಇತ್ತು. ಬೆಲ್ಲ, ಬೇಳೆ, ತೆಂಗಿನಕಾಯಿ ಎಲ್ಲ ನಾವು ಅಲ್ಲಿಂದಲೇ ತರುತ್ತಿದ್ದೆವು. ಸಾಹುಕಾರರ ತಮ್ಮಂದಿರು ದುಬೈಯಲ್ಲಿದ್ದರು. ಅದಕ್ಕೇ ರಜೆಯಲ್ಲಿ ಊರಿಗೆ ಬಂದ ಗಲ್ಫಿನವರೆಲ್ಲ, ಶಿರ್ವದವರಾಗಲಿ ಕಾಪುವಿನವರಾಗಲಿ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ನಡುಮಧ್ಯಾಹ್ನವೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ, ಮೈಗೆ ಸುರಿದುಕೊಂಡ ಸೆಂಟಿನ ಘಾಟಿಗೆ ಬೆಲ್ಲದ ನೊಣಗಳೂ ಹತ್ತಿರ ಬರುತ್ತಿರಲಿಲ್ಲ. ಅವರ ಮಾತೆಲ್ಲ ಒಂದೇ.

"ಆ ಕಂಪೆನಿಯ ವಿಮಾನ ಬೇಡ ಮಾರಾಯ, ಕಾಲು ಚಾಚ್ಲಿಕ್ಕೆ ಜಾಗ ಇಲ್ಲ."

"ಬಹರೈನ್ ಮೇಲೆ ಹೋಗುದಕ್ಕೆ ಹೋಗು. ಎರಡೆರಡು ಸಲ ಊಟ ಕೊಡ್ತಾರೆ."

"ಕುವೈತಿನಲ್ಲಿ ಮೀನು ತಿನ್ಬೇಕು. ದುಬೈಯಲ್ಲಿ ಎಂತ ಉಂಟು?"

"ಕಿಟಕಿ ಪಕ್ಕ ಕೇಳು. ಬಾಲದ ಹತ್ರ ಕೂತ್ಕೊಂಡರೆ ವಾಂತಿ ಖಂಡಿತ."

ಇವರಲ್ಲಿ ಅರ್ಧ ಜನ ಅಲ್ಲಿ ಗಾರೆ ಕಲಸುವವರು, ಯಾರದೋ ಕಾರು ತೊಳೆಯುವವರು ಎಂಬುದು ಬೆಂಚಿಗೂ ಗೊತ್ತಿತ್ತು. ಆದರೂ ಒಬ್ಬ ಒಂದು ಊರು ಹೇಳಿದರೆ ಇನ್ನೊಬ್ಬ ಅದಕ್ಕಿಂತ ದೊಡ್ಡ ಊರು ಹೇಳುತ್ತಿದ್ದ. ಜಂಬದವರು ಎಂದು ಮನಸ್ಸಿನಲ್ಲೇ ಬೈಯುತ್ತ ನಾನು ತೆಂಗಿನಕಾಯಿ ಅಲ್ಲಾಡಿಸಿ ನೋಡುತ್ತಿದ್ದೆ. ಒಳ್ಳೆಯ ಕಾಯಿ ಯಾವುದೆಂದು ಒಂದೇ ಏಟಿಗೆ ತಿಳಿಯುವ ನಾನು ಅವರ ಮಾತು ಮುಗಿಯುವವರೆಗೆ ಹತ್ತು ಸಲ ಅಲ್ಲಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. 'ಅಲ್ಲಿ ಹೋದರೆ ಇದನ್ನು ತಿನ್ನು' ಎಂದು ಇನ್ನೊಬ್ಬನಿಗೆ ಹೇಳುವ ಆ ಗತ್ತು ನನಗೂ ಬೇಕಿತ್ತು. ಜಿಲ್ಲೆಯ ಅರ್ಧ ಜನಕ್ಕೆ ಉಣ್ಣಿಸಿದ ನನಗೆ ಕಾರ್ಕಳದಿಂದ ಆಚೆಯ ಒಂದು ಊಟದ ಮನೆಯ ಹೆಸರು ಗೊತ್ತಿರಲಿಲ್ಲ.

ಒಂದು ದಿನ ಸಾಹುಕಾರರೇ ನನ್ನನ್ನು ಬದಿಗೆ ಕರೆದರು.

"ಭಟ್ರೆ, ನಮ್ಮ ಕಡೆಯ ಒಬ್ಬರಿಗೆ ದುಬೈಯಲ್ಲಿ ದೊಡ್ಡ ಬಟ್ಟೆ ಅಂಗಡಿ ಉಂಟು. ಮಗಳ ಮದುವೆ ಅಲ್ಲೇ ಮಾಡ್ತಾರಂತೆ. ಉಡುಪಿ ಊಟವೇ ಆಗ್ಬೇಕು ಅಂತ ಹಠ. ನೀವು ಹೋಗ್ತೀರಾ?"

ಹೋಗುತ್ತೇನೆ ಎಂದೆ. ಯೋಚಿಸಿ ಹೇಳುತ್ತೇನೆ ಎಂದು ಬಾಯಿಮಾತಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿದಾಗ ಅವಳು ಅಂಗಳದಲ್ಲಿ ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದಳು. "ಸಮುದ್ರ ದಾಟಿದವನನ್ನು ಒಳಗಿನ ಒಲೆಗೆ ಬಿಡುವುದಿಲ್ಲ, ಗೊತ್ತುಂಟಲ್ಲ?" ಎಂದು ಒಂದೇ ಮಾತು ಕೇಳಿದಳು. ಗೊತ್ತಿತ್ತು. ನಮ್ಮವರಲ್ಲಿ ಆ ಕಟ್ಟು ಆಗ ಬಿಗಿಯಾಗಿಯೇ ಇತ್ತು. "ವಿಮಾನ ನೀರು ಮುಟ್ಟುವುದಿಲ್ಲವಲ್ಲ" ಎಂದೆ. ಅವಳು ನಗಲಿಲ್ಲ. ತಂಡದವರಿಗೆ ಬೊಂಬಾಯಿಯಲ್ಲಿ ಕೆಲಸ ಉಂಟು ಎಂದು ಹೇಳಿ ಹೊರಟೆ. ಅದೇನು ಸುಳ್ಳಲ್ಲ, ವಿಮಾನ ಹತ್ತುವುದು ಬೊಂಬಾಯಿಯಲ್ಲೇ ತಾನೆ?

ಕಾಪುವಿನಿಂದ ಬಸ್ಸಿನಲ್ಲಿ ಬೊಂಬಾಯಿಗೆ ಹೋದೆ. ಜೊತೆಗೆ ಒಂದು ಗೋಣಿ ಮಟ್ಟುಗುಳ್ಳ ಮತ್ತು ನನ್ನ ಹಿತ್ತಾಳೆಯ ಸೌಟು. ಮಟ್ಟುಗುಳ್ಳವೆಂದರೆ ನಮ್ಮ ಮಟ್ಟು ಊರಿನ ಗುಂಡು ಬದನೆ, ಅದಿಲ್ಲದೆ ಹುಳಿ ಮಾಡಿ ನನಗೆ ಅಭ್ಯಾಸವಿಲ್ಲ. ಸೌಟು ಅಪ್ಪನದ್ದು. ಅದನ್ನು ಕೈಚೀಲದಲ್ಲಿ ಇಡಬೇಡಿ, ಹಿಡಿಯುತ್ತಾರೆ ಎಂದು ಸಾಹುಕಾರರು ಹೇಳಿದ್ದರು. ಕಿಟಕಿ ಪಕ್ಕ ಕೇಳಿ ಎಂದೂ ಹೇಳಿದ್ದರು. ಸ್ವತಃ ಒಮ್ಮೆಯೂ ವಿಮಾನ ಹತ್ತದ ಮನುಷ್ಯ, ಬೆಂಚಿನ ಮಾತು ಕೇಳಿಯೇ ಎಲ್ಲ ಕಲಿತವರು. ಅವರು ಹೇಳಿದ ಒಂದೂ ಸುಳ್ಳಾಗಲಿಲ್ಲ.

ವಿಮಾನದಲ್ಲಿ ಒಂದು ತಟ್ಟೆ ತಂದಿಟ್ಟರು. ಮೇಲೆ ಬೆಳ್ಳಿ ಬಣ್ಣದ ಹಾಳೆ ಮುಚ್ಚಿತ್ತು, ಒಳಗಿನಿಂದ ಹಬೆ ಬರುತ್ತಿತ್ತು. ಯಾರು ಬೇಯಿಸಿದ್ದು, ಯಾವ ಪಾತ್ರೆ, ಏನು ಹಾಕಿದ್ದಾರೆ, ಒಂದೂ ಗೊತ್ತಿಲ್ಲ. ನಾನು ಮುಟ್ಟಲಿಲ್ಲ. ಪಕ್ಕದಲ್ಲಿ ಶಿರ್ವದ ಕ್ರಿಸ್ತಾನರೊಬ್ಬರು ಕೂತಿದ್ದರು. "ನಿಮಗೆ ಬೇಡವಾ?" ಎಂದು ಕೇಳಿ ನನ್ನ ತಟ್ಟೆಯನ್ನೂ ಖಾಲಿ ಮಾಡಿ, "ಇವರದ್ದಕ್ಕಿಂತ ಆ ಇನ್ನೊಂದು ಕಂಪೆನಿಯ ಊಟ ಒಳ್ಳೆಯದು, ಮುಂದಿನ ಸಲ ಅದರಲ್ಲಿ ಹೋಗಿ" ಎಂದು ಉಪದೇಶವನ್ನೂ ಮಾಡಿದರು. ನಾನು ಮನೆಯಿಂದ ತಂದ ಅವಲಕ್ಕಿ ಬೆಲ್ಲ ತಿಂದೆ. ಕೆಳಗೆ ಸಮುದ್ರ ಸುಮ್ಮನೆ ಬಿದ್ದಿತ್ತು. ಕಾಪುವಿನ ದೀಪಸ್ತಂಭದ ಬಂಡೆಗೆ ಅಪ್ಪಳಿಸುವ ಅದೇ ನೀರು ಮೇಲಿನಿಂದ ನೋಡಿದರೆ ಇಷ್ಟು ಸಾಧುವೇ ಎಂದು ನನಗೆ ಆಶ್ಚರ್ಯವಾಯಿತು.

ಮದುವೆಯ ಅಡಿಗೆ ಚೆನ್ನಾಗಿಯೇ ಆಯಿತು. ಅದರ ಬಗ್ಗೆ ಬರೆಯುವುದಿಲ್ಲ, ನನ್ನ ಅಡಿಗೆ ಎಲ್ಲಿಯೂ ಕೆಟ್ಟದ್ದಿಲ್ಲ. ಹೇಳಬೇಕಾದದ್ದು ಆಮೇಲಿನ ಮಾತು. ಆ ಊರಿನ ನಡುವೆ ಸಮುದ್ರದ ನೀರು ನಮ್ಮ ಅಳಿವೆಯ ಹಾಗೆ ಒಳಗೆ ಬಂದಿದೆ. ಈ ದಡಕ್ಕೆ ದೇರಾ ಎನ್ನುತ್ತಾರೆ, ಆ ದಡಕ್ಕೆ ಬರ್ ದುಬೈ. ನಡುವೆ ಅಬ್ರಾ ಎನ್ನುವ ದೋಣಿಗಳು ಓಡಾಡುತ್ತವೆ. ಮದುವೆ ಮುಗಿದ ಮೇಲೆ ಊರು ನೋಡಲಿಕ್ಕೆ ಬಿಟ್ಟಾಗ ನಾನು ದೇರಾದಲ್ಲಿ ನಮ್ಮವರದ್ದು ಎಂದು ಎಲ್ಲರೂ ಹೊಗಳುವ ಒಂದು ಹೋಟೆಲಿಗೆ ಹೋದೆ. ಮನೆಯಲ್ಲಿ ಹಾಕಿಕೊಂಡು ಬಂದ ಕಟ್ಟುಪಾಡು ಅಷ್ಟರಲ್ಲಿ ಹಸಿವಿನಿಂದ ಸಡಿಲಾಗಿತ್ತು. ಸಾರು ನೀರು, ಇಡ್ಲಿ ಕಲ್ಲು. ಒಂದು ತುತ್ತಿಗೇ ಕೈ ತೊಳೆದು ಎದ್ದೆ. ಸಿಟ್ಟಿನಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋದೆ. ಅಲ್ಲಿ ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಬ್ಬ ಗುಜರಾತಿ ಮುದುಕ, ಅವನ ಹೆಂಡತಿ, ಒಂದು ಸಣ್ಣ ಊಟದ ಮನೆ. ಫಲಕವಿಲ್ಲ, ಹೆಸರೂ ಇಲ್ಲ.

ನಾನು ಕೂತೆ. ಮುದುಕ ಬಡಿಸಿದ. ತೆಳ್ಳಗಿನ ರೊಟ್ಟಿ, ಸಿಹಿ ಬೆರೆತ ತೊವ್ವೆ, ಒಂದು ಪಲ್ಯ, ಮಜ್ಜಿಗೆ. ಮುಗಿಯುವ ಮೊದಲೇ ಮತ್ತೆ ಹಾಕಿದ. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿನಲ್ಲಿ ತುಪ್ಪ ಬಿಟ್ಟ. ಆಗ ನನಗೆ ಹೊಳೆಯಿತು, ಬುದ್ಧಿ ಬಂದಂದಿನಿಂದ ನಾನು ಹೀಗೆ ಕೂತು ಇನ್ನೊಬ್ಬನಿಂದ ಬಡಿಸಿಕೊಂಡು ಹೊಟ್ಟೆ ತುಂಬ ಉಂಡದ್ದೇ ಇಲ್ಲ. ಅಡಿಗೆಯವನು ಎಲ್ಲರದ್ದೂ ಮುಗಿದ ಮೇಲೆ ಕೊಪ್ಪರಿಗೆಯ ತಳದ್ದನ್ನು ನಿಂತುಕೊಂಡೇ ತಿನ್ನುವವನು. ಅಲ್ಲಿ ಕೂತು ನನಗೆ ಕಣ್ಣಲ್ಲಿ ನೀರು ಬಂತು. ಮುದುಕ ಖಾರ ಹೆಚ್ಚಾಯಿತೆಂದು ತಿಳಿದು ಇನ್ನಷ್ಟು ಮಜ್ಜಿಗೆ ಸುರಿದ.

ಊರಿಗೆ ಬಂದೆ. ಬಂದ ಮೇಲೆ ಶುರುವಾಯಿತು ಸಂಕಟ. ಈಗ ನನ್ನ ಹತ್ತಿರವೂ ಹೇಳಲಿಕ್ಕೆ ಒಂದು ಊಟದ ಮನೆ ಇತ್ತು, ಆದರೆ ಹೇಳುವ ಹಾಗಿರಲಿಲ್ಲ. ಕಾಪುವಿನ ಬೆಂಚಿನ ಮೇಲೆ ಯಾರೋ ದೇರಾದ ಅದೇ ಹೋಟೆಲನ್ನು ಹೊಗಳುವಾಗ ನನ್ನ ನಾಲಗೆ ತುರಿಸುತ್ತಿತ್ತು. ಸಾಹುಕಾರರು ನನ್ನ ಮುಖ ನೋಡಿ ಮೀಸೆಯಡಿ ನಗುತ್ತಿದ್ದರು, ಅವರೊಬ್ಬರಿಗೇ ವಿಷಯ ಗೊತ್ತಿದ್ದದ್ದು. ಬಾಯಲ್ಲಿ ಬಿಸಿತುಪ್ಪ, ನುಂಗಲಿಕ್ಕೂ ಆಗದು ಉಗುಳಲಿಕ್ಕೂ ಆಗದು. ಹೀಗೇ ಒಂದು ಮಳೆಗಾಲ ಕಳೆಯಿತು.

ಆಮೇಲೆ ಕಾರ್ಕಳದ ಆ ಮನೆಯ ಹೇಳಿಕೆ ಬಂತು. ಅಲ್ಲಿನ ಯಜಮಾನರನ್ನು ಊರೆಲ್ಲ ಧನಿಗಳು ಎನ್ನುತ್ತಿತ್ತು, ಜಮೀನು ಹೋದ ಮೇಲೂ ಹಾಗೇ ಕರೆಯುತ್ತಿತ್ತು. ಎಪ್ಪತ್ತು ತುಂಬಿದ ಶಾಂತಿ, ದೊಡ್ಡ ಊಟ. ಧನಿಗಳು ಮಡಿಯೆಂದರೆ ಮಡಿ. ನನ್ನ ಅಡಿಗೆ ಬಿಟ್ಟರೆ ಬೇರೆಯವರ ಅಡಿಗೆ ಅವರ ಗಂಟಲಿಗಿಳಿಯದು ಎಂದು ಅವರೇ ಹೇಳಿಕೊಂಡದ್ದುಂಟು. ಆ ದಿನ ಅವರ ಅಳಿಯ ಬಂದಿದ್ದ. ಮಣಿಪಾಲದಲ್ಲಿ ಡಾಕ್ಟರು. ಜೊತೆಗೆ ಅವನ ಹಾಗೆಯೇ ಡಾಕ್ಟರುಗಳಾದ ಸ್ನೇಹಿತರು ಮೂರು ನಾಲ್ಕು ಜನ, ಎಲ್ಲರೂ ಲಂಡನ್ನು, ಜರ್ಮನಿ ಎಂದು ಓದಲಿಕ್ಕೋ ಸಭೆಗೋ ಹೋಗಿ ಬಂದವರು. ಧನಿಗಳು ಪಂಕ್ತಿಯ ತಲೆಗೆ ಕೂತರು, ಅಳಿಯನೂ ಅವನ ಸ್ನೇಹಿತರೂ ಪಕ್ಕಕ್ಕೆ ಸಾಲಾಗಿ ಕೂತರು. ಸಮುದ್ರ ದಾಟಿದ ಈ ಮಹನೀಯರಿಗೆ ಆ ಪಂಕ್ತಿಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಏನೋ ಒಂದು ಪ್ರಾಯಶ್ಚಿತ್ತ ಮುಗಿಸಿದ್ದರಂತೆ.

ಅನ್ನ, ತೊವ್ವೆ ಆಯಿತು. ನಾನು ಸಾರು ಹಿಡಿದು ಬಂದೆ. ಡಾಕ್ಟರುಗಳ ಮಾತು ನಡೆದಿತ್ತು. ಕಾಪುವಿನ ಬೆಂಚಿನದ್ದೇ ಮಾತು, ಇಂಗ್ಲಿಷು ಬೆರೆತಿತ್ತು ಎಂಬುದಷ್ಟೇ ವ್ಯತ್ಯಾಸ.

"ಫ್ರಾಂಕ್‌ಫರ್ಟಿನಲ್ಲಿ ವೆಜಿಟೇರಿಯನ್ ಅಂತ ಮೊದಲೇ ಹೇಳಿ ಇಡ್ಬೇಕು. ಇಲ್ಲದಿದ್ರೆ ಬರೀ ಆಲೂಗೆಡ್ಡೆ."

"ಲಂಡನ್ನಿಗೆ ಹೋಗುವಾಗ ದುಬೈಯಲ್ಲಿ ಎರಡು ದಿವಸ ನಿಂತು ಹೋಗಿ. ಚಿನ್ನ ನೋಡ್ಬಹುದು."

"ಅಲ್ಲಿ ಊಟಕ್ಕೆ ಎಂತ ಮಾಡುದು?"

"ದೇರಾದಲ್ಲಿ ನಮ್ಮವರದ್ದೇ ಒಂದು ಹೋಟೆಲ್ ಉಂಟಲ್ಲ! ಇಡ್ಲಿ ಅಂದರೆ ಮಲ್ಲಿಗೆ. ಸಾರು ಥೇಟ್ ಇದೇ ರುಚಿ."

ಅವನು 'ಇದೇ' ಎಂದು ತೋರಿಸಿದ್ದು ಆಗಷ್ಟೇ ನಾನು ಅವನ ಎಲೆಗೆ ಬಡಿಸಿದ ಸಾರನ್ನು. ಆ ಕೊಳೆನೀರಿಗೂ ನನ್ನ ಸಾರಿಗೂ ಹೋಲಿಕೆ! ಸಿಟ್ಟು ನನ್ನ ನೆತ್ತಿಗೆ ಏರಿತು. ಮಡಿ ಮರೆತುಹೋಯಿತು, ಮನೆ ಮರೆತುಹೋಯಿತು. ಸೌಟು ಬಗ್ಗಿಸಿ ನಿಂತವನು ಅಲ್ಲಿಯೇ ಅಂದುಬಿಟ್ಟೆ:

"ದೇರಾದಲ್ಲಿ ಉಣ್ಬೇಡಿ ಮಾರಾಯ್ರೆ! ಆ ಸಾರು ಬರೀ ನೀರು. ಅಬ್ರಾ ಹತ್ತಿ ಆಚೆ ದಡಕ್ಕೆ ಹೋಗಿ. ದೇವಸ್ಥಾನದ ಹಿಂದೆ ಒಬ್ಬ ಗುಜರಾತಿ ಮುದುಕ ಇದ್ದಾನೆ. ಉಂಡರೆ ಅಲ್ಲಿ ಉಣ್ಬೇಕು."

ಹೇಳಿ ಮುಗಿಸುವಾಗ ನನಗೆ ಎಂಥ ಸುಖ! ಒಂದು ಮಳೆಗಾಲ ಇಡೀ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಹೊರಗೆ ಬಿತ್ತು. ಆಮೇಲೆ ನೋಡಿದರೆ ಪಂಕ್ತಿಯವರ ಕೈಗಳೆಲ್ಲ ಎಲೆಯ ಮೇಲೆಯೇ ನಿಂತಿದ್ದವು. ಸಾರಿನ ಹನಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಧನಿಗಳು ತಲೆ ಎತ್ತಿದರು. "ಅಂದರೆ ನೀನು ಹೋಗಿದ್ದೆಯಾ?"

ಬೇಕಿದ್ದರೆ ಯಾರೋ ಹೇಳಿದ್ದು ಎನ್ನಬಹುದಿತ್ತು. ಕಾಪುವಿನ ಬೆಂಚಿನ ಮಾತು ಎಂದರೆ ನಂಬುತ್ತಿದ್ದರು. ಆದರೆ ಆ ಮುದುಕನ ತುಪ್ಪ ನನ್ನ ಕೈ ಮೇಲೆ ಬಿದ್ದದ್ದು, ಅದನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯಲಿಕ್ಕೆ ನನಗೆ ಮನಸ್ಸಾಗಲಿಲ್ಲ. "ಹೋಗಿದ್ದೆ" ಎಂದೆ.

ಅವರು ಎಲೆಯ ಅಂಚನ್ನು ಮಡಚಿ, ಕೈಗೆ ನೀರು ಹಾಕಿಸಿಕೊಂಡು ಎದ್ದರು. ತಲೆಯ ಎಲೆಯವರು ಎದ್ದ ಮೇಲೆ ಪಂಕ್ತಿಯಲ್ಲಿ ಯಾರೂ ಕೂರುವ ಹಾಗಿಲ್ಲ. ಎಲ್ಲರೂ ಎದ್ದರು. ಹೋಳಿಗೆ ಇನ್ನೂ ಒಳಗೇ ಇತ್ತು. ನಾನು ಅಳಿಯನ ಮುಖ ನೋಡಿದೆ. ಮಾವ, ನಾವೂ ಹೋದವರೇ ಅಲ್ವಾ, ನಮ್ಮ ಪಕ್ಕ ಕೂತು ಉಂಡಿರಲ್ಲ ಎಂದು ಒಂದು ಮಾತು ಅವನು ಅಂದಿದ್ದರೆ ಸಾಕಿತ್ತು. ಅವನು ಕೈ ತೊಳೆಯಲಿಕ್ಕೆ ಹೋದ. ಎಷ್ಟೋ ಹೊತ್ತು ಸೋಪು ತಿಕ್ಕಿದ. ಧನಿಗಳ ಮೇಲಿನ ಸಿಟ್ಟಿಗಿಂತ ಅವನ ಮೇಲಿನ ಸಿಟ್ಟೇ ನನಗೆ ಹೆಚ್ಚು ದಿನ ಉಳಿಯಿತು.

ಒಳಗೆ ನಮ್ಮ ತಂಡದ ಹಿರಿಯರು ಕಾಯುತ್ತಿದ್ದರು. ನನ್ನ ಅಪ್ಪನ ಕೈಕೆಳಗೆ ಕಲಿತ ಮನುಷ್ಯ. ಅವರ ಮಗನನ್ನು ಒಳಗಿನ ಒಲೆಗೆ ತರಬೇಕೆಂದು ಅವರಿಗೆ ಎಷ್ಟೋ ಕಾಲದ ಆಸೆ. ಜಾಗ ಖಾಲಿ ಇಲ್ಲದೆ ಸುಮ್ಮನಿದ್ದರು.

"ಹೊಸ್ತಿಲು ದಾಟ್ಬೇಡ" ಎಂದರು.

"ಆ ಡಾಕ್ಟರುಗಳು?" ಎಂದು ಕೇಳಿದೆ.

"ಉಣ್ಣುವವನಿಗೆ ಪ್ರಾಯಶ್ಚಿತ್ತ ಉಂಟು. ಬೇಯಿಸುವವನಿಗೆ ಇಲ್ಲ."

ಇದನ್ನು ಯಾವ ಶಾಸ್ತ್ರದಲ್ಲಿ ಓದಿದಿರಿ ಎಂದು ಕೇಳಿದ್ದಕ್ಕೆ ಅವರು ತಂಡದವರಿಗೆ ಕೊಪ್ಪರಿಗೆ ಎತ್ತಲಿಕ್ಕೆ ಸನ್ನೆ ಮಾಡಿದರು. ನಾನು ಬೇಯಿಸಿದ್ದನ್ನೆಲ್ಲ ಹಿತ್ತಲಿಗೆ ಚೆಲ್ಲಿಸಿದರು. ಹೋಳಿಗೆಯನ್ನು ದನಗಳ ಮುಂದೆ ಹಾಕಿದರು. ಅಪ್ಪನ ಸೌಟನ್ನು ಎಂಜಲು ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಎಸೆದಿದ್ದರು. ನಾನು ಅದನ್ನು ಹೆಕ್ಕಿ, ಬೂದಿ ಹಾಕಿ ತಿಕ್ಕುತ್ತಿರುವಾಗ ಹಿಂದಿನಿಂದ ಯಾರೋ ಮೆಲ್ಲಗೆ ಕರೆದರು. ನೋಡಿದರೆ ಡಾಕ್ಟರುಗಳಲ್ಲಿ ಒಬ್ಬ, ದೇರಾದ ಸಾರನ್ನು ಹೊಗಳಿದವನೇ.

"ಭಟ್ರೆ, ಆ ಗುಜರಾತಿಯವನದ್ದು ದೇವಸ್ಥಾನದ ಎಡಕ್ಕೋ ಬಲಕ್ಕೋ?"

ನನ್ನ ಕೈಯಲ್ಲಿದ್ದದ್ದು ಹಿತ್ತಾಳೆಯ ಸೌಟು, ಗಟ್ಟಿ ಮಾಲು. ಅವನ ತಲೆ ಉಳಿದದ್ದು ಅವನ ಪುಣ್ಯ.

ಮರುದಿನದಿಂದ ನಾನು ಹೊರಗಿನ ಒಲೆಯವನಾದೆ. ತಂಡದವರು ಅಷ್ಟು ದಯೆ ತೋರಿಸಿದರು. ಅಪ್ಪನಿಂದ ನಾನು ಕಲಿತ ಹುಳಿ, ಮೆಣಸ್ಕಾಯಿ, ಪಾಯಸ ಎಲ್ಲ ನನ್ನ ಕೈಯಲ್ಲೇ ತುಕ್ಕು ಹಿಡಿಯಿತು. ಕಾಫಿ ಸೋಸುವುದು, ಪಲಾವಿಗೆ ಬಟಾಣಿ ಸುಲಿಯುವುದು, ಉಡುಪಿಯ ಮದುವೆ ಹಾಲ್‌ಗಳಲ್ಲಿ ರಿಸೆಪ್ಶನ್ನಿಗೆ ಐಸ್‌ಕ್ರೀಮಿನ ಕಪ್ಪು ಜೋಡಿಸುವುದು ನನ್ನ ಕೆಲಸ. ಒಳಗಿನ ಒಲೆಯ ಮುಂದೆ ಹಿರಿಯರ ಮಗ ನಿಂತ. ಅವನ ಹುಳಿಯ ವಾಸನೆ ಚಪ್ಪರಕ್ಕೆ ಬಂದಾಗಲೇ ಇಂಗು ಹೆಚ್ಚೆಂದು ನನಗೆ ತಿಳಿಯುತ್ತಿತ್ತು. ಹೇಳಲಿಲ್ಲ, ಹಾಳಾಗಿ ಹೋಗಲಿ ಎಂದೇ ಸುಮ್ಮನಿದ್ದೆ. ಜನ ಅದನ್ನೂ ಚಪ್ಪರಿಸಿಕೊಂಡು ಉಂಡರು, ಅದು ಇನ್ನೊಂದು ಉರಿ.

ಹೆಂಡತಿ ನನಗಿಂತ ಖಾರ. "ನಾನು ಕಟ್ಟಿದ ಮಲ್ಲಿಗೆ ದಿನಾ ಬೊಂಬಾಯಿಗೆ ಹೋಗಿ ವಿಮಾನದಲ್ಲಿ ಸಮುದ್ರ ದಾಟ್ತದೆ. ಅದೇ ಗಿಡದ ಹೂ ಇವರ ದೇವರ ತಲೆ ಮೇಲೂ ಉಂಟು. ಗಿಡವನ್ನು ಯಾಕೆ ಕಡಿಯುವುದಿಲ್ಲ ಇವರು?" ಎಂದು ದಾರಿಯಲ್ಲಿ ಹೋಗುವ ನೆಂಟರಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ನೆಂಟರು ಹೂ ತೆಗೆದುಕೊಂಡು ಹೋಗುತ್ತಿದ್ದರು, ಮಾತು ಬಿಟ್ಟು ಹೋಗುತ್ತಿದ್ದರು.

ಕಾಪುವಿನ ಬೆಂಚಿನ ಮೇಲೆ ಮಾತ್ರ ನನಗೆ ಈಗ ಜಾಗ ಸಿಕ್ಕಿತು. ಮುಚ್ಚಿಡುವುದು ಏನೂ ಉಳಿದಿರಲಿಲ್ಲವಲ್ಲ. ಹೋಗುವವರಿಗೆಲ್ಲ ಆಚೆ ದಡದ ಮುದುಕನ ಮನೆಯ ದಾರಿ ಹೇಳುತ್ತಿದ್ದೆ. ರಜೆಗೆ ಬಂದವರು ಹುಡುಕಿಕೊಂಡು ಬಂದು, "ಭಟ್ರೆ, ನೀವು ಹೇಳಿದ್ದು ಸರಿ ಮಾರಾಯ್ರೆ, ಮುದುಕ ಈಗಲೂ ಸಾಕು ಅಂದರೆ ಕೇಳುವುದಿಲ್ಲ" ಎಂದು ಹೇಳಿ ಹೋಗುತ್ತಿದ್ದರು. ಹೇಳುವಾಗ ಉರಿ, ಕೇಳುವಾಗ ತಂಪು. ಹೀಗೆ ಕೆಲವು ವರ್ಷ ಹೋದವು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಅಂಗಳಕ್ಕೆ ಒಂದು ಅಂಬಾಸಿಡರ್ ಕಾರು ಬಂತು. ಇಳಿದವರು ಕಾರ್ಕಳದ ಧನಿಗಳು. ಕೋಲು ಊರಿಕೊಂಡು ಜಗುಲಿ ಹತ್ತಿದರು. ಹೆಂಡತಿ ಬೆಲ್ಲ ನೀರು ತಂದಿಟ್ಟಳು. "ಬೇಡ ತಂಗಿ, ಈಗಷ್ಟೇ ಕುಡಿದು ಬಂದೆ" ಎಂದರು. ಆ ಬಿಸಿಲಿನಲ್ಲಿ ಕಾರ್ಕಳದಿಂದ ಬಂದ ಮನುಷ್ಯ, ತುಟಿ ಒಣಗಿ ಬಿಳಿಯಾಗಿತ್ತು. ಲೋಟ ಅವರ ಮುಂದೆ ಹಾಗೇ ಇತ್ತು.

ವಿಷಯ ಸುತ್ತಿ ಬಳಸಿ ಬಂತು. ಅಳಿಯನಿಗೆ ಈಗ ದುಬೈಯ ಆಸ್ಪತ್ರೆಯಲ್ಲಿ ಕೆಲಸ. ಮೊಮ್ಮಗನ ಉಪನಯನ ಅಲ್ಲೇ ಮಾಡುತ್ತಾರೆ. ಅಜ್ಜ ಬರದೆ ಆಗದು ಎಂದು ಮಗಳ ಹಠ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನನ್ನ ಹೆಂಡತಿ ಒಳಗಿನಿಂದ ಗೊಣಗಿದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

"ವಿಮಾನ ಯಾವುದು ಒಳ್ಳೆಯದು? ಎಲ್ಲಿ ಕೂತರೆ ತಲೆ ತಿರುಗುವುದಿಲ್ಲ?" ಎಂದು ಕೇಳಿದರು. ಬೆಂಚಿನವರು ಕೇಳುವುದೇ. ನಾನು ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಬಂದ ಕೆಲಸಕ್ಕೆ ಬಂದರು.

"ನನ್ನ ಊಟದ್ದು ನಿನಗೆ ಗೊತ್ತುಂಟಲ್ಲ. ಹೋಟೆಲಿನದ್ದು ಆಗುವುದಿಲ್ಲ. ನೀನೂ ಬಾ. ಟಿಕೆಟ್ಟು ಎಲ್ಲ ಅಳಿಯ ನೋಡಿಕೊಳ್ತಾನೆ. ಅಲ್ಲಿರುವಷ್ಟು ದಿನ ನೀನು ಬೇಯಿಸಿ ಹಾಕಿದರೆ ನನಗೆ ಚಿಂತೆ ಇಲ್ಲ."

ನನಗೆ ಒಮ್ಮೆ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ? ಎದ್ದು ಹೋದವರು ತಿರುಗಿ ಬಂದರಲ್ಲ, ನನ್ನ ಕೈಯ ಅನ್ನವನ್ನೇ ಬೇಡಿದರಲ್ಲ ಎಂದು ಅನಿಸಿತು. "ಮತ್ತೆ 'ಬೇಯಿಸುವವನಿಗೆ ಪ್ರಾಯಶ್ಚಿತ್ತ ಇಲ್ಲ' ಅಂತ ನಮ್ಮ ಹಿರಿಯರು ಹೇಳಿದ್ದು?" ಎಂದು ಕೇಳಿದೆ.

"ಅದಕ್ಕೇ ನಿನ್ನ ಹತ್ತಿರ ಬಂದದ್ದು" ಎಂದರು ಅವರು, ಬಹಳ ಸರಳವಾಗಿ. "ಅವರ ಮಗನನ್ನೋ ಬೇರೆ ಯಾರನ್ನೋ ಕರೆದುಕೊಂಡು ಹೋದರೆ ಪಾಪ, ಬಂದ ಮೇಲೆ ಅವನ ಒಲೆ ಹೋಗ್ತದೆ. ನಿನ್ನದು ಹೇಗೂ ಹೋಗಿದೆಯಲ್ಲ."

ಈ ಮಾತಿನಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಒಡೆದ ಮಡಕೆಯನ್ನು ಸಗಣಿ ಹಾಕಲಿಕ್ಕೆ ಇಟ್ಟುಕೊಳ್ಳುವಾಗ ಯಾರೂ ಮಡಕೆಗೆ ಕೇಡು ಬಯಸಿ ಇಟ್ಟುಕೊಳ್ಳುವುದಿಲ್ಲ.

"ಬರ್ತೇನೆ" ಎಂದೆ. "ಒಂದು ಮಾತು ನಡೆಸಿಕೊಡಬೇಕು. ಹೋಗುವ ಮೊದಲು ನಿಮ್ಮ ಮನೆಯಲ್ಲಿ, ಕಾರ್ಕಳದಲ್ಲಿ, ಒಳಗಿನ ಒಲೆಯಲ್ಲಿ ನಾನು ಒಂದು ದಿನ ಅಡಿಗೆ ಮಾಡ್ತೇನೆ. ನೀವು ಆ ದಿನದ ಹಾಗೆಯೇ ಪಂಕ್ತಿಯ ತಲೆಗೆ ಕೂತು, ನಾಲ್ಕು ಜನರ ಮುಂದೆ ಉಣ್ಣಬೇಕು. ಹೋಳಿಗೆವರೆಗೆ. ಅಷ್ಟೇ."

ಅವರು ಅಂಗಳದ ಮಲ್ಲಿಗೆ ಗಿಡದ ಕಡೆ ಮುಖ ತಿರುಗಿಸಿದರು. ಅವರಿಗೂ ಕಷ್ಟವಾಗುತ್ತಿತ್ತು ಎಂದು ನನಗೆ ಕಾಣಿಸಿತು, ಆದರೆ ಕರಗುವ ಗುಣ ನನ್ನಲ್ಲಿ ಉಳಿದಿರಲಿಲ್ಲ.

"ಅಲ್ಲಿ ನೀನು ಮಾಡಿದ್ದು ಉಣ್ತೇನೆ" ಎಂದರು ಕೊನೆಗೆ. "ಇಲ್ಲಿ ಹೇಗಾಗ್ತದೆ ಮಾರಾಯ?"

"ಹಾಗಾದರೆ ಅಲ್ಲಿಯೂ ಆಗುವುದಿಲ್ಲ" ಎಂದೆ.

ಅವರು ಒತ್ತಾಯ ಮಾಡಲಿಲ್ಲ. ಎದ್ದರು. ಕಾರಿನ ಹತ್ತಿರ ಹೋಗಿ, ಬಾಗಿಲು ಹಿಡಿದು ತಿರುಗಿದರು. ಮುದುಕರು, ಮೊದಲ ಸಲ ಹೊರದೇಶಕ್ಕೆ ಹೋಗುವವರು, ಮುಖದಲ್ಲಿ ಹೆದರಿಕೆ ಇತ್ತು.

"ವಿಮಾನದಲ್ಲಿ ಊಟಕ್ಕೆ ಎಂತ ಮಾಡುದು?"

"ಬೆಳ್ಳಿ ಹಾಳೆ ಮುಚ್ಚಿ ಒಂದು ತಟ್ಟೆ ಕೊಡ್ತಾರೆ. ಯಾರು ಬೇಯಿಸಿದ್ದು, ಯಾರು ಮುಟ್ಟಿದ್ದು ಯಾರಿಗೂ ಗೊತ್ತಿಲ್ಲ. ಹಸಿವಾದರೆ ಬಿಡಿಸಿ ಉಣ್ಣಿ. ಬಂದ ಮೇಲೆ ಪ್ರಾಯಶ್ಚಿತ್ತ ಉಂಟಲ್ಲ."

ಅವರು ಅದನ್ನೂ ಸಹಿಸಿಕೊಂಡರು. "ಮತ್ತೆ ಆ ಊರಲ್ಲಿ? ಆವತ್ತು ನೀನು ಯಾವುದೋ ಒಂದು ಜಾಗ ಹೇಳಿದೆಯಲ್ಲ, ಒಳ್ಳೆ ಊಟದ್ದು. ಅದು ಎಲ್ಲಿ?"

ಆ ಮುದುಕ, ಅವನ ಹೆಂಡತಿ, ಬೆರಳ ಸಂದಿಗೆ ಬಿಟ್ಟ ತುಪ್ಪ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಕಾಪುವಿನಲ್ಲಿ ಗಾರೆ ಕಲಸುವವನಿಗೂ, ಕಾರು ತೊಳೆಯುವವನಿಗೂ ನಾನು ಆ ಓಣಿಯ ದಾರಿ ಹೇಳಿದವನು.

"ದೇರಾದಲ್ಲಿ" ಎಂದೆ. "ದೇರಾದಲ್ಲಿ ನಮ್ಮವರದ್ದೇ ಒಂದು ಹೋಟೆಲ್ ಉಂಟು. ಯಾರನ್ನು ಕೇಳಿದರೂ ತೋರಿಸ್ತಾರೆ. ದೋಣಿಗೀಣಿ ಹತ್ತಲಿಕ್ಕೆ ಹೋಗ್ಬೇಡಿ."

ಅವರು ಕೈ ಮುಗಿದು ಕಾರು ಹತ್ತಿದರು. ಕಾರು ತಿರುವು ದಾಟುವವರೆಗೆ ನಾನು ಅಂಗಳದಲ್ಲೇ ನಿಂತಿದ್ದೆ. ಹೆಂಡತಿ ಹೊರಗೆ ಬಂದು ಮುಟ್ಟದೆ ಬಿಟ್ಟ ಬೆಲ್ಲ ನೀರನ್ನು ಮಲ್ಲಿಗೆ ಬುಡಕ್ಕೆ ಚೆಲ್ಲಿದಳು.

"ದೇರಾದ ಸಾರು ಬರೀ ನೀರು ಅಂತ ಅಲ್ವಾ ನೀವು ಹೇಳಿದ್ದು?" ಎಂದು ಕೇಳಿದಳು.

"ಹೌದು" ಎಂದೆ.